ಹತ್ತಿಯ ಒಂದು ಎಳೆಯಲ್ಲಿ ಎಷ್ಟು ಜೀವಕೋಶ? ಮಗಳು ಕೇಳಿದ ಪ್ರಶ್ನೆ

ಮಾನ್ವಿ ಹತ್ತಿಹೊಲ

ಎಲ್ಲರಿಗೂ ನಮಸ್ಕಾರ. ನಾನು ಮಾನ್ವಿ ತಾಲ್ಲೂಕಿನವನು. ಆರು ಎಕರೆ ಎರೆಹೊಲದಲ್ಲಿ ಹತ್ತಿ ಹಾಕಿದ್ದೇನೆ. ಮಗಳು ಒಂಬತ್ತನೇ ತರಗತಿ. ನಿನ್ನೆ ಸಂಜೆ ಕಟ್ಟೆ ಮೇಲೆ ಕುಳಿತು, ಬಿಡಿಸಿ ತಂದ ಹತ್ತಿಯಲ್ಲಿನ ಕಸ ಆರಿಸುತ್ತಿದ್ದೆವು. ಅವಳು ಒಂದು ಕಾಳು ಹಿಡಿದು ಅದರಿಂದ ಒಂದೇ ಒಂದು ಎಳೆ ಬಿಡಿಸಿಕೊಂಡಳು. ದೀಪದ ಬೆಳಕಿಗೆ ಹಿಡಿದು, "ಅಪ್ಪಾ, ಇದರಲ್ಲಿ ಎಷ್ಟು ಜೀವಕೋಶ ಇರಬಹುದು?" ಅಂದಳು.

ಸಾವಿರ ಇರಬಹುದು ಅಂದೆ. ಅಂದಾಜು ಅಷ್ಟೇ. ಅವಳಿಗೆ ಸಮಾಧಾನ ಆಗಲಿಲ್ಲ. ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದೆಯಂತೆ, ಆದರೆ ಬೀರುವಿನಿಂದ ಹೊರಗೆ ಬಂದದ್ದನ್ನು ಅವಳು ನೋಡಿಲ್ಲ. ಪುಸ್ತಕದ ಚಿತ್ರಕ್ಕೆ ಹೆಸರು ಬರೆದು ಬರೆದು ಕೋಶಪೊರೆ, ಕೋಶಕೇಂದ್ರ, ಮೈಟೋಕಾಂಡ್ರಿಯ ಎಲ್ಲ ಬಾಯಿಗೆ ಬರುತ್ತವೆ. "ನಮ್ಮ ಹೊಲದಲ್ಲಿ ಇವೆಲ್ಲ ಎಲ್ಲಿವೆ?" ಅಂದರೆ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ನಾನು ಓದಿದ್ದು ಪಿಯುಸಿ, ಅದೂ ಆರ್ಟ್ಸ್. ತಿಳಿದವರು ಹೇಳಿದರೆ ಅವಳಿಗೆ ಓದಿ ಹೇಳುತ್ತೇನೆ.

ಸಿಂಧನೂರು ಗದ್ದೆ

ನಮ್ಮ ತಲೆಕೂದಲಿನ ಹಾಗೆ ಇರಬೇಕಲ್ವಾ ಅಣ್ಣ? ಕೂದಲಲ್ಲಿ ಸತ್ತ ಕೋಶಗಳು ಸಾಲಾಗಿ ಒತ್ತಿಕೊಂಡು ಕುಳಿತಿರುತ್ತವೆ ಅಂತ ಎಲ್ಲೋ ಓದಿದ ನೆನಪು. ಹತ್ತಿಯೂ ಹಾಗೇ ಅಂದುಕೊಂಡಿದ್ದೆ. ಮೇಷ್ಟ್ರು ಯಾರಾದರೂ ಹೇಳಲಿ.

ಕುಷ್ಟಗಿ ಮೇಷ್ಟ್ರು

ಕೂದಲಿನ ಬಗ್ಗೆ ನೀವು ಹೇಳಿದ್ದು ಸರಿ. ಹತ್ತಿಯ ವಿಷಯ ಬೇರೆ. ಮಗಳಿಗೆ ಹೇಳಿ: ಒಂದು ಎಳೆ ಅಂದರೆ ಒಂದೇ ಒಂದು ಜೀವಕೋಶ.

ಹತ್ತಿ ಹೂ ಅರಳಿದ ದಿನವನ್ನು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಕೆನೆ ಬಣ್ಣ, ಮರುದಿನ ಗುಲಾಬಿ. ಆ ಕೆನೆ ಬಣ್ಣದ ದಿನವೇ ಒಳಗೆ ಕೆಲಸ ಶುರುವಾಗಿರುತ್ತದೆ. ಮುಂದೆ ಕಾಳಾಗಬೇಕಾದ ಪುಟ್ಟ ಅಂಡಕದ ಸಿಪ್ಪೆ ಒಂದೇ ಸಾಲು ಕೋಶಗಳದ್ದು. ಆ ಸಾಲಿನಲ್ಲಿ ಸುಮಾರು ನಾಲ್ಕಕ್ಕೆ ಒಂದು ಕೋಶ ಹೊರಗೆ ಉಬ್ಬುತ್ತದೆ. ಉಬ್ಬಿದ ಕೋಶ ಮುಂದೆ ಎರಡಾಗುವುದಿಲ್ಲ, ನಾಲ್ಕಾಗುವುದಿಲ್ಲ. ಸುಮ್ನೆ ಉದ್ದವಾಗುತ್ತ ಹೋಗುತ್ತದೆ. ಮೂರು ವಾರದಲ್ಲಿ 3 ಸೆಂಟಿಮೀಟರ್ ಹತ್ತಿರ ಬರುತ್ತದೆ. ದಪ್ಪ ನೋಡಿದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು, ಇಲ್ಲವೇ ಅದಕ್ಕಿಂತ ಸಣ್ಣ. ಒಂದು ಕಾಳಿನ ಮೇಲೆ ಇಂಥ ಎಳೆ ಹತ್ತು ಸಾವಿರಕ್ಕೂ ಜಾಸ್ತಿ.

ಹೇಗೆ ಉದ್ದವಾಗುತ್ತದೆ? ಮಗಳ ಪುಸ್ತಕದಲ್ಲಿ ರಸದಾನಿ ಅಂತ ಒಂದು ಹೆಸರು ಇರುತ್ತದೆ. ಮಕ್ಕಳು ಅದನ್ನು ಖಾಲಿ ಚೀಲದ ಹಾಗೆ ಬರೆದು ಬಿಟ್ಟುಬಿಡುತ್ತಾರೆ. ಹತ್ತಿ ಎಳೆಯಲ್ಲಿ ಯಜಮಾನಿಕೆ ಅದರದೇ. ಕೋಶ ಆ ಚೀಲದೊಳಗೆ ಪೊಟ್ಯಾಸಿಯಂ, ಸಕ್ಕರೆ, ಇನ್ನೂ ಕೆಲವು ವಸ್ತುಗಳನ್ನು ತುಂಬಿಕೊಳ್ಳುತ್ತದೆ. ಅವು ನೀರನ್ನು ಎಳೆದುಕೊಳ್ಳುತ್ತವೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದರೆ ಬಿಗಿಯಾಗುತ್ತದಲ್ಲ, ಇಲ್ಲಿ ಗಾಳಿಯ ಜಾಗದಲ್ಲಿ ನೀರು. ಕೋಶದ ಗೋಡೆ ಆಗಿನ್ನೂ ತೆಳ್ಳಗೆ, ಮೆತ್ತಗೆ ಇರುತ್ತದೆ. ಅಡ್ಡಕ್ಕೆ ಹಿಗ್ಗದ ಹಾಗೆ ಅದರಲ್ಲಿ ಕಟ್ಟು ಇರುವುದರಿಂದ ಒತ್ತಡವೆಲ್ಲ ಉದ್ದಕ್ಕೇ ಹೋಗುತ್ತದೆ.

ಮೂರನೇ ವಾರದ ಸುಮಾರಿಗೆ ಕೆಲಸ ಬದಲಾಗುತ್ತದೆ. ಆಮೇಲೆ ಕೋಶ ಗೋಡೆಯ ಒಳಮೈಗೆ ಸೆಲ್ಯುಲೋಸ್ ಅನ್ನುವ ನಾರಿನ ವಸ್ತುವನ್ನು ಬಳಿಯುತ್ತ ಕೂರುತ್ತದೆ. ಹಬ್ಬ ಹಬ್ಬಕ್ಕೂ ಗೋಡೆಗೆ ಸುಣ್ಣ ಬಳಿದು ಪದರ ಕಟ್ಟಿದ ಹಾಗೆ. ಕಾಯಿ ಒಡೆದು ಬಿಸಿಲು ತಾಗಿದಾಗ ಒಳಗಿನ ನೀರು ಆರುತ್ತದೆ, ಕೋಶ ಸಾಯುತ್ತದೆ. ನಮ್ಮ ಕೈಗೆ ಬರುವುದು ಅದರ ಗೋಡೆ. ಆ ಗೋಡೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್.

1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬಿರಡೆ ಮರದ ತೊಗಟೆಯ ತೆಳು ಚೂರನ್ನು ನೋಡಿ, ಜೇನುಹಲ್ಲೆಯಂಥ ಗೂಡುಗಳನ್ನು ಕಂಡು, ಕೋಣೆ ಅನ್ನುವ ಅರ್ಥದಲ್ಲಿ ಸೆಲ್ ಅಂದರು. ಅವರು ಕಂಡದ್ದೂ ಸತ್ತ ಕೋಶದ ಗೋಡೆಯನ್ನೇ. ನಿಮ್ಮ ಮಗಳು ದೀಪಕ್ಕೆ ಹಿಡಿದದ್ದೂ ಅದನ್ನೇ.

ಗಂಗಾವತಿ ಪಿಯು ವಿದ್ಯಾರ್ಥಿ

ಸರ್, ಒಂದು ಅನುಮಾನ. ಜೀವಕೋಶ ಬರಿಗಣ್ಣಿಗೆ ಕಾಣುವುದಿಲ್ಲ ಅಂತ ನಾವು ಓದಿದ್ದೇವೆ. 3 ಸೆಂಟಿಮೀಟರ್ ಉದ್ದದ ಕೋಶ ಅಂದರೆ ನಂಬುವುದು ಕಷ್ಟ. ಬೆರಳಿನ ಗಂಟಿನಷ್ಟು ಉದ್ದ ಅಲ್ವಾ?

ಬಳ್ಳಾರಿ ಲ್ಯಾಬ್ ಅಕ್ಕ

ಕಾಣುವಂಥವೂ ಇವೆ ತಮ್ಮ. ನಮ್ಮ ಬೆನ್ನುಹುರಿಯ ಕೆಳಭಾಗದಿಂದ ಕಾಲ್ಬೆರಳ ತನಕ ಹೋಗುವ ನರಕೋಶದ ಬಾಲ ಸುಮಾರು ಒಂದು ಮೀಟರ್. ತೀರಾ ತೆಳುವಾದ್ದರಿಂದ ಕಾಣುವುದಿಲ್ಲ, ಆದರೆ ಕೋಶ ಒಂದೇ. ಕೋಳಿಮೊಟ್ಟೆಯೂ ಒಂದು ಕೋಶವೇ.

ಕುಷ್ಟಗಿ ಮೇಷ್ಟ್ರು

ಅಕ್ಕಾರೆ, ಮೊಟ್ಟೆಯ ವಿಷಯಕ್ಕೆ ಒಂದು ತಿದ್ದುಪಡಿ. ಕೋಶ ಅನ್ನಬೇಕಾದದ್ದು ಹಳದಿ ಭಾಗವನ್ನು. ಬಿಳಿ ಲೋಳೆ, ಚಿಪ್ಪು ಎಲ್ಲ ಆಮೇಲೆ ಸುತ್ತಿಕೊಂಡ ಹೊದಿಕೆ. ಅದೂ ಹುಂಜ ಸೇರದ ಫಾರಂ ಮೊಟ್ಟೆಯಾದರೆ ಮಾತ್ರ. ಹುಂಜ ಸೇರಿದ ನಾಟಿ ಮೊಟ್ಟೆ ಹೊರಬರುವ ಹೊತ್ತಿಗೆ ಹಳದಿಯ ಮೇಲಿನ ಬಿಳಿ ಚುಕ್ಕೆಯಲ್ಲಿ ಕೋಶ ಒಡೆದು ಒಡೆದು ಸಾವಿರಾರು ಆಗಿರುತ್ತವೆ.

ಬಳ್ಳಾರಿ ಲ್ಯಾಬ್ ಅಕ್ಕ

ಹೌದು ಸರ್, ಇದು ನನಗೆ ಹೊಳೆದಿರಲಿಲ್ಲ. ಒಳ್ಳೆಯದಾಯಿತು.

ರಾಯಚೂರು ಜಿನ್

ಮೇಷ್ಟ್ರು ಹೇಳಿದ್ದನ್ನು ಮೂರು ಸಲ ಓದಿದೆ. ನಾನು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷದಿಂದ ಹತ್ತಿ ನೋಡುವವನು. ಒಂದು ಹಿಡಿ ಅರಳೆ ತೆಗೆದು ಎರಡೂ ಹೆಬ್ಬೆರಳ ನಡುವೆ ಎಳೆದು ಉದ್ದ ಹೇಳುತ್ತೇವೆ. 28, 29, 30 ಮಿಲಿಮೀಟರ್. ಇದನ್ನೇ ಸ್ಟೇಪಲ್ ಅನ್ನುವುದು. ಇಷ್ಟು ವರ್ಷ ನಾನು ಅಳೆದದ್ದು ಒಂದೊಂದು ಜೀವಕೋಶದ ಉದ್ದ ಅಂತ ಇವತ್ತು ಗೊತ್ತಾಯಿತು.

ಇನ್ನೊಂದು ಅಳತೆ ಇದೆ, ಮೈಕ್ರೋನೇರ್. ಇಷ್ಟು ತೂಕದ ಹತ್ತಿಯನ್ನು ಒಂದು ಡಬ್ಬಿಯಲ್ಲಿ ಒತ್ತಿ ಗಾಳಿ ಬಿಡುತ್ತಾರೆ. ಗಾಳಿ ಎಷ್ಟು ಸಲೀಸಾಗಿ ಹೋಗುತ್ತದೆ ಅನ್ನುವುದರ ಮೇಲೆ ನಂಬರ್. 3.5ರಿಂದ 4.9ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಕಡಿಮೆ ಬಂದರೆ ಎಳೆ ಬಲಿತಿಲ್ಲ ಅನ್ನುತ್ತೇವೆ. ಈಗ ಅನಿಸುತ್ತದೆ, ಬಲಿತಿಲ್ಲ ಅಂದರೆ ಒಳಗಿನ ಸುಣ್ಣ ಸರಿಯಾಗಿ ಬಳಿದಿಲ್ಲ ಅಂತ. ಸರಿನಾ ಸರ್?

ಕುಷ್ಟಗಿ ಮೇಷ್ಟ್ರು

ಪೂರ್ತಿ ಸರಿ. ಜಾತಿಯಿಂದಲೇ ತೆಳು ಎಳೆ ಇರುವ ಹತ್ತಿಗೂ ನಂಬರ್ ಕಡಿಮೆ ಬರುತ್ತದೆ, ಅದೊಂದನ್ನು ನೆನಪಿಟ್ಟುಕೊಳ್ಳಿ. ಒಂದೇ ತಳಿಯಲ್ಲಿ ಕಡಿಮೆ ಬಂದರೆ ಗೋಡೆ ತೆಳು ಅಂತಲೇ ಅರ್ಥ. ರಾತ್ರಿ ಚಳಿ ಜಾಸ್ತಿಯಾದರೂ ಬಳಿಯುವ ಕೆಲಸ ನಿಧಾನವಾಗುತ್ತದೆ. ತಡವಾಗಿ ಬಿತ್ತಿದವರ ಕೊನೆ ಬಿಡಿಸುವಿಕೆಯ ಹತ್ತಿ ಹಗುರ ಬರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಇದೆ, ನನಗೆ ತುಂಬ ಇಷ್ಟವಾದದ್ದು. ಕೋಶ ಸತ್ತು ಒಳಗಿನ ನೀರು ಆರಿದಾಗ ದುಂಡಗಿದ್ದ ಎಳೆ ಚಪ್ಪಟೆಯಾಗಿ ರಿಬ್ಬನ್ನಿನ ಹಾಗೆ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ, ನೂಲು ಬರುತ್ತದೆ. ನುಣ್ಣಗಿನ ನೇರ ಕಡ್ಡಿಯಾಗಿದ್ದರೆ ಜಾರಿಹೋಗುತ್ತಿತ್ತು.

ಮಾನ್ವಿ ಹತ್ತಿಹೊಲ

ಓದುತ್ತ ಓದುತ್ತ ಮೈ ಜುಂ ಅಂದಿತು. ಹೋದ ವರ್ಷ ಹೂ ಕಾಯಿ ಹಿಡಿಯುವ ಹೊತ್ತಿಗೆ ಇಪ್ಪತ್ತು ದಿನ ಮಳೆ ಇರಲಿಲ್ಲ. ಕಾಲುವೆ ನೀರೂ ನಮ್ಮ ಕೊನೆ ಭಾಗಕ್ಕೆ ಬರಲಿಲ್ಲ. ಆಮೇಲೆ ಮಳೆ ಬಂತು, ಗಿಡ ಹಸಿರಾಯಿತು, ಕಾಯಿಯೂ ಒಡೆಯಿತು. ಆದರೂ ಎಳೆ ಗಿಡ್ಡ ಇದೆ ಅಂತ ಒಂದು ಕಡೆ ಕ್ವಿಂಟಾಲಿಗೆ ರೇಟು ಇಳಿಸಿದರು. ನನಗೆ ಮೋಸ ಮಾಡುತ್ತಿದ್ದಾರೆ ಅನಿಸಿತ್ತು. ಈಗ ಯೋಚಿಸಿದರೆ, ಆ ಮೂರು ವಾರ ಕೋಶದೊಳಗೆ ನೀರಿನ ಒತ್ತಡವೇ ಇರಲಿಲ್ಲ. ಆಮೇಲೆ ಬಂದ ಮಳೆ ಆ ಕಾಯಿಗಳಿಗೆ ಉಪಯೋಗ ಆಗಲಿಲ್ಲ ಅಲ್ವಾ?

ಪೊಟ್ಯಾಷ್ ಹಾಕಿ ಅಂತ ಹೇಳುತ್ತಾರಲ್ಲ, ಅದೂ ಇದಕ್ಕೇನಾ?

ಕುಷ್ಟಗಿ ಮೇಷ್ಟ್ರು

ಎರಡೂ ಹೌದು. ಉದ್ದವಾಗುವ ದಿನಗಳು ಒಮ್ಮೆ ಮುಗಿದರೆ ಗೋಡೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಆ ಕೋಶ ಹಿಗ್ಗುವುದಿಲ್ಲ. ಮೇಲಿನ ಹೊಸ ಹೂಗಳಿಗೆ ಮಾತ್ರ ಆ ನೀರಿನ ಲಾಭ. ಪೊಟ್ಯಾಷ್, ಅಂದರೆ ಮೇಲೆ ಹೇಳಿದ ಪೊಟ್ಯಾಸಿಯಂ, ಕಡಿಮೆಯಾದರೆ ರಸದಾನಿ ನೀರು ಎಳೆಯುವ ಬಲ ಕಡಿಮೆಯಾಗುತ್ತದೆ. ಎರೆಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಹಾಕಿ, ಅಂದಾಜಿನ ಮೇಲೆ ದುಡ್ಡು ಸುರಿಯಬೇಡಿ.

ಬಳ್ಳಾರಿ ಜೀನ್ಸ್

ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಬಟ್ಟೆ ಬಂದಾಗ ಕೆಲವು ಥಾನುಗಳಲ್ಲಿ ನೀಲಿಯ ಮಧ್ಯೆ ಬಿಳಿ ಚುಕ್ಕೆ ಕಾಣುತ್ತವೆ. ಬಣ್ಣ ಹಾಕಿದವರ ತಪ್ಪು ಅಂತ ಜಗಳ ಆಗಿದ್ದೂ ಇದೆ. ಬಲಿಯದ ಎಳೆಗೂ ಇದಕ್ಕೂ ಸಂಬಂಧ ಇದೆಯಾ?

ರಾಯಚೂರು ಜಿನ್

ಇದೆ ಅಣ್ಣ. ಬಲಿಯದ ಎಳೆಗಳು ಗಂಟುಗಂಟಾಗಿ ಉಳಿಯುತ್ತವೆ. ಗೋಡೆಯಲ್ಲಿ ಸೆಲ್ಯುಲೋಸ್ ಕಡಿಮೆ ಇದ್ದರೆ ಬಣ್ಣ ಹಿಡಿಯುವುದಕ್ಕೆ ಜಾಗ ಎಲ್ಲಿ? ನಾವು ಅದನ್ನು ಸತ್ತ ಹತ್ತಿ ಅನ್ನುತ್ತೇವೆ. ಎಲ್ಲ ಚುಕ್ಕೆಗೂ ಇದೇ ಕಾರಣ ಅನ್ನುವುದಿಲ್ಲ, ಆದರೆ ಬಹಳಷ್ಟಕ್ಕೆ ಹೌದು.

ಸಿಂಧನೂರು ಗದ್ದೆ

ನೀರು ಎಳೆಯುವ ಮಾತು ಬಂತಲ್ಲ, ನನ್ನದೊಂದು ಸಂಕಟ ಕೇಳಿ. ನಮ್ಮ ಗದ್ದೆಯ ಒಂದು ಮೂಲೆ ಸವಳು ಹಿಡಿದಿದೆ. ಬೇಸಿಗೆಯಲ್ಲಿ ಬಿಳಿ ಪುಡಿ ಮೇಲೆ ಬರುತ್ತದೆ. ಅಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದ್ದರೂ ಭತ್ತದ ಎಲೆ ತುದಿಯಿಂದ ಒಣಗುತ್ತ ಬರುತ್ತದೆ. ನೀರಿನಲ್ಲಿ ನಿಂತು ಬಾಯಾರಿ ಸಾಯುವುದು ಹೇಗೆ?

ಬಳ್ಳಾರಿ ಲ್ಯಾಬ್ ಅಕ್ಕ

ಇದನ್ನು ನಾನು ರಕ್ತದಲ್ಲಿ ನೋಡಿದ್ದೇನೆ, ಆ ಕಡೆಯಿಂದ ಹೇಳುತ್ತೇನೆ.

ಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಉಪ್ಪು ಯಾವ ಕಡೆ ಜಾಸ್ತಿಯೋ ಆ ಕಡೆಗೆ ನೀರು ಹೋಗುತ್ತದೆ. ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ನೀರು ಒಳನುಗ್ಗಿ ಒಡೆದುಹೋಗುತ್ತದೆ. ಜಾಸ್ತಿ ಉಪ್ಪಿನ ನೀರಿಗೆ ಹಾಕಿದರೆ ಸುಕ್ಕಾಗುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯ ಮೇಲೆ 0.9 ಅಂತ ಇರುತ್ತದೆ, ನೋಡಿದ್ದೀರಾ? ಲೀಟರಿಗೆ 9 ಗ್ರಾಂ ಉಪ್ಪು. ಕಣ ಒಡೆಯಬಾರದು, ಸುಕ್ಕಾಗಲೂಬಾರದು ಅಂತ ಆ ಲೆಕ್ಕ.

ನಿಮ್ಮ ಭತ್ತದ ಬೇರಿಗೂ ಇದೇ ಪಾಡು. ಮಣ್ಣಿನ ನೀರಲ್ಲಿ ಉಪ್ಪು ಜಾಸ್ತಿಯಾಗಿದೆ, ಬೇರಿನ ಕೋಶ ನೀರನ್ನು ಒಳಗೆ ಎಳೆಯಲಾರದು.

ಕುಷ್ಟಗಿ ಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಳೆಯಲಾಗದೆ ಇರುವುದು ಒಂದು ಕಡೆ. ನೀರಿನ ಜೊತೆ ನುಸುಳಿದ ಸೋಡಿಯಂ ಎಲೆಯ ತುದಿಯಲ್ಲಿ ಸೇರಿ ಕೋಶಗಳನ್ನು ಕೆಡಿಸುವುದು ಇನ್ನೊಂದು ಕಡೆ. ಅದಕ್ಕೇ ತುದಿಯಿಂದ ಒಣಗುವುದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದು ಹಳೆಯ ಸಮಸ್ಯೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಕೆಲಸ ನಡೆಯುತ್ತದೆ. ಮಣ್ಣು ತೆಗೆದುಕೊಂಡು ಹೋಗಿ ತೋರಿಸಿ. ಉಪ್ಪು ಜಾಸ್ತಿಯಾ, ಸೋಡಿಯಂ ಕ್ಷಾರವಾ ಅಂತ ಮೊದಲು ಗೊತ್ತಾಗಬೇಕು. ಒಂದಕ್ಕೆ ಬಸಿಗಾಲುವೆ ಮಾಡಿ ಉಪ್ಪನ್ನು ತೊಳೆದು ಹೊರಹಾಕಬೇಕು, ಇನ್ನೊಂದಕ್ಕೆ ಜಿಪ್ಸಂ ಬೇಕು.

ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸಬಹುದು. ಕೆಂಪು ಉಳ್ಳಾಗಡ್ಡಿಯ ಹೊರಮೈಯಿಂದ ಬಣ್ಣದ ತೆಳು ಪೊರೆ ಸುಲಿದು ಗಾಜಿನ ಮೇಲಿಡಿ. ಆ ಬಣ್ಣ ಇರುವುದು ರಸದಾನಿಯಲ್ಲಿ. ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತದೆ, ಇಟ್ಟಿಗೆ ತುಂಬ ಬಣ್ಣ. ಪಕ್ಕದಿಂದ ಒಂದು ಹನಿ ಗಟ್ಟಿ ಉಪ್ಪುನೀರು ಬಿಡಿ. ನೋಡನೋಡುತ್ತಿದ್ದಂತೆ ಬಣ್ಣ ಕೋಶಪೊರೆಯ ಸಮೇತ ಗೋಡೆಯಿಂದ ಬಿಟ್ಟುಕೊಂಡು ಕುಗ್ಗುತ್ತದೆ. ಗೋಡೆ ಹಾಗೇ ನಿಂತಿರುತ್ತದೆ. ಪುಸ್ತಕದಲ್ಲಿ ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಅಂತ ಬರೆದದ್ದು ಮಕ್ಕಳಿಗೆ ಅರ್ಥ ಆಗುವುದು ಆ ಒಂದು ನಿಮಿಷದಲ್ಲಿ. ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಆ ನಿಮಿಷಕ್ಕೆ ಮಕ್ಕಳು ಕೂಗದೆ ಇದ್ದ ತರಗತಿ ನೋಡಿಲ್ಲ.

ಸೂಕ್ಷ್ಮದರ್ಶಕ ಸಿಗದಿದ್ದರೆ ಫೋಲ್ಡ್‌ಸ್ಕೋಪ್ ಅಂತ ಇದೆ. ಮನು ಪ್ರಕಾಶ್ ಅವರು ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಮಾಡಿದ್ದು. ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ. 140 ಪಟ್ಟು ದೊಡ್ಡದು ಮಾಡುತ್ತದೆ. ಉಳ್ಳಾಗಡ್ಡಿಗೆ ಅಷ್ಟು ಸಾಕು.

ಮಾನ್ವಿ ಹತ್ತಿಹೊಲ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅವಳದು ಎರಡನೇ ಪ್ರಶ್ನೆ ತಯಾರಾಗಿದೆ. ಎಳೆಯ ಕೋಶ ಎರಡಾಗುವುದಿಲ್ಲ ಅಂದರೆ, ಗಿಡದಲ್ಲಿ ಎರಡಾಗುವ ಕೋಶ ಎಲ್ಲಿದೆ? ಒಂದು ಕಾಳಿನಿಂದ ನಾಲ್ಕು ಅಡಿ ಗಿಡ ಬಂತಲ್ಲ?

ಕುಷ್ಟಗಿ ಮೇಷ್ಟ್ರು

ಬೇರಿನ ತುದಿಯಲ್ಲಿ, ಕುಡಿಯಲ್ಲಿ, ಕಾಂಡದ ಸಿಪ್ಪೆಯ ಒಳಗಿನ ಒಂದು ಪದರದಲ್ಲಿ. ಇಲ್ಲಿ ಹುಟ್ಟಿದ ಕೋಶಗಳು ಸ್ವಲ್ಪ ಹಿಂದೆ ಸರಿದ ಮೇಲೆ ಉದ್ದವಾಗುತ್ತವೆ. ನೀವು ಕುಡಿ ಚಿವುಟಿದರೆ ಗಿಡ ಎತ್ತರಕ್ಕೆ ಹೋಗುವುದು ನಿಂತು ಪಕ್ಕದ ಕವಲು ಬರುತ್ತದಲ್ಲ, ಚಿವುಟಿ ತೆಗೆದದ್ದು ಆ ಕೋಶಗಳ ಗುಂಪನ್ನೇ.

ಕೋಶ ಎರಡಾಗುವುದನ್ನು ಅಣ್ಣತಮ್ಮಂದಿರು ಭಾಗ ಆಗುವುದಕ್ಕೆ ಹೋಲಿಸಿ ಹೇಳುತ್ತೇನೆ, ಮಕ್ಕಳಿಗೆ ಬೇಗ ಹತ್ತುತ್ತದೆ. ಭಾಗ ಆಗುವ ಮುಂಚೆ ಮನೆಯ ಕಾಗದಪತ್ರ ಎಲ್ಲದರ ಎರಡೆರಡು ಪ್ರತಿ ಬೇಕು. ಪಹಣಿಯ ಒಂದು ಹಾಳೆಯೂ ಬಿಡಬಾರದು. ಕೋಶದ ಕಾಗದಪತ್ರ ಅಂದರೆ ಡಿಎನ್ಎ. ಮನುಷ್ಯನ ಒಂದು ಕೋಶದಲ್ಲಿ ಅದನ್ನು ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್. ಅಷ್ಟನ್ನೂ ಮೊದಲು ನಕಲು ಮಾಡುತ್ತದೆ. ಈ ಕೆಲಸ ನಡೆಯುವಾಗ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ. ಕೋಶ ಸುಮ್ಮನೆ ಇದೆ ಅನಿಸುತ್ತದೆ.

ಆಮೇಲೆ ಅಷ್ಟುದ್ದದ ದಾರವನ್ನು ಸಿಂಬೆ ಸುತ್ತಿದ ಹಾಗೆ ಸುತ್ತಿ ಗಿಡ್ಡ ಮಾಡುತ್ತದೆ. ಈಗ ಕಣ್ಣಿಗೆ ಕಾಣುವುದೇ ವರ್ಣತಂತು. ಉಳ್ಳಾಗಡ್ಡಿಯಲ್ಲಿ 16, ಭತ್ತದಲ್ಲಿ 24, ಮನುಷ್ಯನಲ್ಲಿ 46, ನಿಮ್ಮ ಹೊಲದ ಹತ್ತಿಯಲ್ಲಿ 52. ಜಯಧರದಂಥ ಹಳೆಯ ದೇಶಿ ಹತ್ತಿಯಲ್ಲಿ 26, ಸರಿಯಾಗಿ ಅರ್ಧ. ಈ ಲೆಕ್ಕಗಳ ಹಿಂದೆ ಎಷ್ಟೋ ಜನರ ಕಣ್ಣು ಸವೆದಿದೆ. ಅದರಲ್ಲಿ ನಮ್ಮ ದೇಶದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಒಬ್ಬರು. 1945ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಸೇರಿ ಬೆಳೆಗಳ ವರ್ಣತಂತು ಲೆಕ್ಕವನ್ನೆಲ್ಲ ಒಂದೇ ಕಡೆ ಸೇರಿಸಿ ಕೊಟ್ಟರು. ಮಗಳಿಗೆ ಈ ಹೆಸರು ಹೇಳಿ.

ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಎರಡೂ ತುದಿಯಿಂದ ಸಣ್ಣ ದಾರಗಳು ಬಂದು ಹಿಡಿಯುತ್ತವೆ. ನಡುವೆ ಉಬ್ಬಿ ತುದಿಗೆ ಚೂಪಾದ ಆ ಆಕಾರಕ್ಕೆ ಕನ್ನಡದಲ್ಲಿ ಕದಿರು ಅಂತಲೇ ಹೆಸರು. ಹೌದು, ನೂಲು ತೆಗೆಯುವ ಕದಿರು. 1882ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಈ ವಿಭಜನೆಗೆ ಮೈಟೋಸಿಸ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಿಟೋಸ್ ಅಂದರೆ ದಾರ. ನಿಮ್ಮ ಮಗಳು ದಾರದಿಂದ ಶುರು ಮಾಡಿ ದಾರಕ್ಕೇ ಬಂದಿದ್ದಾಳೆ.

ಕದಿರಿನ ಎಳೆಗಳು ಜೋಡಿ ಬಿಡಿಸಿ ಒಂದೊಂದು ಪ್ರತಿಯನ್ನು ಒಂದೊಂದು ಕಡೆಗೆ ಎಳೆಯುತ್ತವೆ. ಕೊನೆಗೆ ನಡುವೆ ಗೋಡೆ. ಗಿಡದ ಕೋಶಕ್ಕೆ ಮೊದಲೇ ಗಟ್ಟಿ ಭಿತ್ತಿ ಇರುವುದರಿಂದ ಸೊಂಟ ಹಿಸುಕಿಕೊಳ್ಳಲು ಆಗುವುದಿಲ್ಲ. ನಡುಮಧ್ಯದಿಂದ ಗೋಡೆ ಕಟ್ಟುತ್ತ ಎರಡೂ ಬದಿಗೆ ಹೋಗುತ್ತದೆ. ನಮ್ಮ ಕೋಶಗಳು ರೊಟ್ಟಿ ಹಿಟ್ಟಿನ ಉಂಡೆಯನ್ನು ನಡುವೆ ಹಿಸುಕಿ ಎರಡು ಮಾಡಿದ ಹಾಗೆ ಬೇರೆಯಾಗುತ್ತವೆ.

ಯಲಬುರ್ಗಾ ಕ್ರಾಸಿಂಗ್

ನಾನು ಮೂರು ಸೀಸನ್ ಹತ್ತಿ ಕ್ರಾಸಿಂಗ್, ಅಂದರೆ ಹೈಬ್ರಿಡ್ ಬೀಜ ಮಾಡುವ ಕೆಲಸಕ್ಕೆ ಹೋಗಿದ್ದೇನೆ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿ ಸವರುವುದು. ಎಳೆ ಹುಟ್ಟುವ ದಿನವೇ ಅದು ಅಂತ ಗೊತ್ತಿರಲಿಲ್ಲ. ಬೆರಳಲ್ಲೇ ಇತ್ತು ಅಲ್ವಾ!

ಒಂದು ಪ್ರಶ್ನೆ. ಹೈಬ್ರಿಡ್ ಬೀಜದಿಂದ ಬಂದ ಕಾಳನ್ನು ಮತ್ತೆ ಬಿತ್ತಿದರೆ ಒಂದೊಂದು ಗಿಡ ಒಂದೊಂದು ತರ ಬರುತ್ತದೆ. ಪ್ರತಿ ಸಲ ಪೂರಾ ನಕಲು ಆಗುತ್ತದೆ ಅಂದರೆ ಹೀಗೆ ಯಾಕೆ ಆಗಬೇಕು?

ಕುಷ್ಟಗಿ ಮೇಷ್ಟ್ರು

ಒಳ್ಳೆ ಜಾಗಕ್ಕೆ ಕೈ ಹಾಕಿದಿರಿ. ಹೂವಿನ ಪುಡಿಯಲ್ಲಿ, ಅಂಡಕದಲ್ಲಿ ನಡೆಯುವುದು ಬೇರೆ ವಿಭಜನೆ, ಮಿಯಾಸಿಸ್. ಅಲ್ಲಿ 52 ಅರ್ಧವಾಗಿ 26 ಆಗಬೇಕು. ಅರ್ಧ ಆಗುವ ಮುಂಚೆ ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ಜೋಡಿಯಾಗಿ ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇಸ್ಪೀಟು ಕಲಸಿ ಹಂಚಿದ ಹಾಗೆ. ಹೈಬ್ರಿಡ್ ಗಿಡದೊಳಗೆ ಇರುವುದು ಎರಡು ಬೇರೆ ಬೇರೆ ತಳಿಯ ಇಸ್ಪೀಟೆಲೆಗಳು. ಕಲಸಿದ ಮೇಲೆ ಪ್ರತಿ ಕಾಳಿನ ಕೈಗೂ ಬೇರೆ ಬೇರೆ ಎಲೆ ಬರುತ್ತದೆ.

ಕಂಪ್ಲಿ ಬಾಳೆ

ಬಾಳೆಗೆ ಬೀಜ ಇಲ್ಲದೆ ಇರುವುದಕ್ಕೂ ಇದೇ ಕಾರಣವಾ? ಕಂದು ನೆಟ್ಟೇ ಬೆಳೆಯುವುದು ನಾವು.

ಕುಷ್ಟಗಿ ಮೇಷ್ಟ್ರು

ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವಕ್ಕೆ 33 ವರ್ಣತಂತು, 11ರ ಮೂರು ಗುಂಪು. ಜೋಡಿ ಆಗಲು ಹೋದರೆ ಒಂದು ಗುಂಪು ಒಂಟಿಯಾಗಿ ಉಳಿಯುತ್ತದೆ. ಮಿಯಾಸಿಸ್ ಕೆಡುತ್ತದೆ, ಬೀಜ ಕಟ್ಟುವುದಿಲ್ಲ. ಕಂದಿನಲ್ಲಿ ಮೈಟೋಸಿಸ್ ಮಾತ್ರ. ಅದಕ್ಕೆ ಜೋಡಿಯ ಅಗತ್ಯ ಇಲ್ಲ. ಹಾಗಾಗಿ ತಾಯಿಬಾಳೆಯ ಹಾಗೇ ಕಂದು.

ಗಂಗಾವತಿ ಪಿಯು ವಿದ್ಯಾರ್ಥಿ

ಸರ್, ಕೋಶಕ್ಕೆ ಎರಡಾಗುವುದನ್ನು ಯಾವಾಗ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ಪಠ್ಯದಲ್ಲಿ ಹಂತಗಳ ಹೆಸರು ಇವೆ, ಇದು ಇಲ್ಲ.

ಬಳ್ಳಾರಿ ಲ್ಯಾಬ್ ಅಕ್ಕ

ಇದಕ್ಕೆ ನಾನು ಉತ್ತರ ಕೊಡಲಾ ಸರ್? ನನ್ನ ಮನೆಯಲ್ಲೇ ಇದು ಬಂದು ಹೋಗಿದೆ.

ಕೋಶ ಎರಡಾಗುವ ದಾರಿಯಲ್ಲಿ ತಪಾಸಣೆ ಗೇಟುಗಳಿವೆ. ನಕಲು ಪೂರ್ತಿಯಾಯಿತಾ, ತಪ್ಪು ಇದೆಯಾ, ಪ್ರತಿ ವರ್ಣತಂತುವನ್ನೂ ಕದಿರಿನ ಎಳೆ ಹಿಡಿದಿದೆಯಾ ಅಂತ ನೋಡಿಯೇ ಮುಂದೆ ಬಿಡುತ್ತವೆ. ಈ ಗೇಟುಗಳನ್ನು, ಅವನ್ನು ತೆರೆಯುವ ಪ್ರೋಟೀನುಗಳನ್ನು ಕಂಡುಹಿಡಿದದ್ದಕ್ಕೆ ಹಾರ್ಟ್‌ವೆಲ್, ಹಂಟ್, ನರ್ಸ್ ಅನ್ನುವ ಮೂವರು ವಿಜ್ಞಾನಿಗಳಿಗೆ 2001ರಲ್ಲಿ ನೊಬೆಲ್ ಬಂತು. ತಪ್ಪು ಸಿಕ್ಕರೆ ಕೋಶ ನಿಂತು ಸರಿಪಡಿಸಿಕೊಳ್ಳುತ್ತದೆ. ಸರಿಯಾಗದಿದ್ದರೆ ತಾನೇ ಸಾಯುತ್ತದೆ. ಅಕ್ಕಪಕ್ಕದ ಕೋಶಗಳ ಮಾತೂ ಕೇಳುತ್ತದೆ. ಗಾಯ ಮಾಯುವಾಗ ಎರಡೂ ಅಂಚಿನ ಕೋಶಗಳು ಬಂದು ಒಂದನ್ನೊಂದು ಮುಟ್ಟಿದ ಮೇಲೆ ನಿಲ್ಲುತ್ತವೆ.

ಗೇಟುಗಳೇ ಕೆಟ್ಟಾಗ ಬರುವುದು ಕ್ಯಾನ್ಸರ್. ನನ್ನ ಅಮ್ಮನಿಗೆ ಬಂದಿತ್ತು. ಗಂಟನ್ನು ಮೊದಲು ನೋಡಿದ ಕಡೆ, ಏನಿಲ್ಲ, ಮಾತ್ರೆ ತಗೊಳ್ಳಿ ಅಂದರು. ನಾಲ್ಕು ತಿಂಗಳು ಹೋಯಿತು. ನಾನೇ ಲ್ಯಾಬಲ್ಲಿ ಕೆಲಸ ಮಾಡುವವಳು, ಆದರೂ ಸೂಜಿ ಹಾಕಿ ಕೋಶ ತೆಗೆದು ನೋಡಿಸೋಣ ಅಂತ ಗಟ್ಟಿಯಾಗಿ ಹೇಳಲಿಲ್ಲ. ಆಮೇಲೆ ಬೇರೆ ಊರಲ್ಲಿ ಆ ಪರೀಕ್ಷೆ ಆಯಿತು. ಸ್ಲೈಡನ್ನು ನನಗೂ ತೋರಿಸಿದರು. ದೊಡ್ಡ ದೊಡ್ಡ ಕೋಶಕೇಂದ್ರಗಳು, ಒಂದು ಇದ್ದ ಹಾಗೆ ಇನ್ನೊಂದಿಲ್ಲ. ಅಲ್ಲಲ್ಲಿ ವಿಭಜನೆಯಲ್ಲಿರುವವು, ಅವೂ ಸೊಟ್ಟಪಟ್ಟ.

ಔಷಧಿ ಶುರುವಾದ ಮೇಲೆ ಅಮ್ಮನ ಕೂದಲು ಉದುರಿತು, ಬಾಯಲ್ಲಿ ಹುಣ್ಣಾಯಿತು, ರಕ್ತ ಕಡಿಮೆಯಾಯಿತು. ಯಾಕೆ ಅಂತ ಅವರು ಕೇಳುತ್ತಿದ್ದರು. ಆ ಔಷಧಿಗಳಲ್ಲಿ ಹಲವು ವಿಭಜನೆಯನ್ನೇ ತಡೆಯುತ್ತವೆ. ಕೂದಲ ಬುಡ, ಬಾಯಿಯ ಒಳಪದರ, ಮೂಳೆಯ ಮಜ್ಜೆ ಇವು ಎಡೆಬಿಡದೆ ಕೋಶ ಹುಟ್ಟಿಸುವ ಜಾಗ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೇ ಇಲ್ಲ, ಅದು ಎರಡಾಗಲಾರದು, ಸುಮಾರು 120 ದಿನ ಬದುಕುತ್ತದೆ. ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷದ ಹತ್ತಿರ ಹೊಸ ಕಣ ಮಾಡಿ ಕಳಿಸಬೇಕು. ಒಳ್ಳೆ ಕೋಶ, ಕೆಟ್ಟ ಕೋಶ ಅಂತ ಆ ಔಷಧಿಗೆ ಭೇದ ಇಲ್ಲ. ಬೇಗ ಬೇಗ ಎರಡಾಗುವುದೆಲ್ಲ ಸಿಕ್ಕಿಬೀಳುತ್ತದೆ.

ಅಂಗಳದಲ್ಲಿ ಬೆಳೆಯುವ ಸದಾಪುಷ್ಪ ಗೊತ್ತಲ್ಲ, ತಿಳಿ ಗುಲಾಬಿ ಹೂವಿನದು. ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ಬರುವುದು ಅದರಿಂದ. ಕದಿರಿನ ಎಳೆ ಕಟ್ಟದ ಹಾಗೆ ಮಾಡುತ್ತದೆ. ದಯವಿಟ್ಟು ಯಾರೂ ಎಲೆ ಅರೆದು ಕುಡಿಯಬೇಡಿ, ಅದು ವಿಷ. ಔಷಧಿಯ ಅಳತೆ ಮಿಲಿಗ್ರಾಂ ಲೆಕ್ಕದ್ದು.

ಅಮ್ಮ ಈಗ ಚೆನ್ನಾಗಿದ್ದಾರೆ. ಆರು ವರ್ಷ ಆಯಿತು. ಮೈಯಲ್ಲಿ ಗಂಟು ಕಂಡರೆ, ನೋವಿಲ್ಲ ಅಂತ ಬಿಡಬೇಡಿ. ಸೂಜಿ ಪರೀಕ್ಷೆ ಐದು ನಿಮಿಷದ ಕೆಲಸ.

ಸಿಂಧನೂರು ಗದ್ದೆ

ಅಕ್ಕಾರೆ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಮ್ಮನವರಿಗೆ ನಮಸ್ಕಾರ ಹೇಳಿ. ನಮ್ಮ ಚಿಕ್ಕಮ್ಮನಿಗೆ ಕುತ್ತಿಗೆಯಲ್ಲಿ ಒಂದು ಗಂಟಿದೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ.

ಮಾನ್ವಿ ಹತ್ತಿಹೊಲ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಮಗಳ ಶಾಲೆಗೆ ಹೋಗಿ ಕೇಳಿದೆ. ಬೀರುವಿನ ಕೀ ಸಿಕ್ಕಿತು. ಕುಷ್ಟಗಿ ಮೇಷ್ಟ್ರು ಬೇರಿನ ತುದಿ ನೋಡುವ ಕ್ರಮವನ್ನು ಫೋನಲ್ಲಿ ಹೇಳಿಕೊಟ್ಟರು, ಬಣ್ಣದ ದ್ರಾವಣವನ್ನೂ ಕಳಿಸಿಕೊಟ್ಟರು. ಲೋಟದಲ್ಲಿ ನೀರು ತುಂಬಿ ಅದರ ಬಾಯಿ ಮೇಲೆ ಒಂದು ಬಳ್ಳಾರಿ ಉಳ್ಳಾಗಡ್ಡಿ ಕೂರಿಸಿದೆವು, ಬುಡ ಮಾತ್ರ ನೀರಿಗೆ ತಾಗುವ ಹಾಗೆ. ನಾಲ್ಕನೇ ದಿನಕ್ಕೆ ಎರಡು ಸೆಂಟಿಮೀಟರ್ ಬೇರು. ಬೆಳಿಗ್ಗೆ ತುದಿ ಕತ್ತರಿಸಿ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಒಂದು ದಿನ ಇಟ್ಟೆವು. ಆಮ್ಲದ ಕೆಲಸವನ್ನು ಶಾಲೆಯ ವಿಜ್ಞಾನದ ಮೇಡಂ ಅವರೇ ಮಾಡಿದರು. ಆಮೇಲೆ ಬೆಚ್ಚಗೆ ಮಾಡಿ, ಬಣ್ಣ ಹಾಕಿ, ತುದಿಯ 2 ಮಿಲಿಮೀಟರ್ ಮಾತ್ರ ಇಟ್ಟುಕೊಂಡು, ಮೇಲೆ ಗಾಜು ಮುಚ್ಚಿ ಹೆಬ್ಬೆರಳಿಂದ ಒತ್ತುವುದು. ಮೊದಲ ಎರಡು ಸಲ ಕೆಟ್ಟಿತು. ಒಂದರಲ್ಲಿ ಗಾಜು ಒಡೆಯಿತು, ಇನ್ನೊಂದರಲ್ಲಿ ತುದಿ ಬಿಟ್ಟು ಹಿಂದಿನ ಭಾಗ ಇಟ್ಟಿದ್ದೆವು. ಅಲ್ಲಿ ಬರೀ ಉದ್ದುದ್ದ ಕೋಶಗಳು, ಎರಡಾಗುವುದು ಒಂದೂ ಇಲ್ಲ.

ಮೂರನೇ ಸಲ ಕಂಡಿತು. ಮೇಡಂ ನನ್ನನ್ನೂ ಕರೆದರು. ಒಂದು ಕೋಶದಲ್ಲಿ ಕಡುಗೆಂಪು ದಾರಗಳು ಎರಡು ಗುಂಪಾಗಿ ಬೇರೆ ಬೇರೆ ಕಡೆಗೆ ಹೊರಟು ಹಾಗೇ ನಿಂತಿದ್ದವು. ಉಸಿರು ಬಿಗಿಹಿಡಿದು ನೋಡಿದೆ.

ಮಗಳು 200 ಕೋಶ ಎಣಿಸಿದಳು. ವಿಭಜನೆಯಲ್ಲಿ ಇದ್ದವು 19. ಉಳಿದವು ಸುಮ್ಮನೆ ಕುಳಿತಂತಿದ್ದವು. ಮೇಷ್ಟ್ರು ಫೋನಲ್ಲಿ ಹೇಳಿದ ಲೆಕ್ಕ ಹೀಗೆ: ಹತ್ತರಲ್ಲಿ ಒಂದು ಕೋಶ ವಿಭಜನೆಯಲ್ಲಿದೆ ಅಂದರೆ, ಒಂದು ಕೋಶ ತನ್ನ ಆಯುಷ್ಯದ ಹತ್ತನೇ ಒಂದು ಪಾಲನ್ನು ಅದಕ್ಕೆ ಕೊಡುತ್ತದೆ. ಪೂರ್ತಿ ಸುತ್ತು ಸುಮಾರು 20 ಗಂಟೆ ಅಂದುಕೊಂಡರೆ ಎರಡು ಗಂಟೆ. ಗಡಿಯಾರ ಇಲ್ಲದೆ, ನಿಂತ ಚಿತ್ರದಿಂದ ಸಮಯ ಅಳೆಯಬಹುದು ಅಂತ ಕಂಡು ಅವಳು ಅವತ್ತು ರಾತ್ರಿ ಊಟ ಮಾಡುವಾಗಲೂ ಅದನ್ನೇ ಹೇಳುತ್ತಿದ್ದಳು.

ಈಗ ಅವಳಿಗೆ ಹತ್ತಿ ಬೇರಿನಲ್ಲಿ ನೋಡಬೇಕಂತೆ. 52ನ್ನೂ ಎಣಿಸಬೇಕಂತೆ. ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ. ಮೇಷ್ಟ್ರೇ, ಅಷ್ಟು ಸಣ್ಣವು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಬಿಡಿಯಾಗಿ ಕಾಣುತ್ತವಾ?

ಕುಷ್ಟಗಿ ಮೇಷ್ಟ್ರು

ಉಳ್ಳಾಗಡ್ಡಿಯಷ್ಟು ಸುಲಭ ಅಲ್ಲ. ಹತ್ತಿಯವು ತುಂಬ ಚಿಕ್ಕವು, ಒಂದರ ಮೇಲೊಂದು ಬಿದ್ದಿರುತ್ತವೆ. 400 ಪಟ್ಟಿನಲ್ಲಿ ಎಣಿಸುವುದು ಕಷ್ಟ, ಎಣ್ಣೆ ಹಾಕಿ ನೋಡುವ ಸಾವಿರ ಪಟ್ಟಿನ ಮಸೂರ ಬೇಕು. ಮೊಳಕೆಯ ಬೇರು ಒಂದು ಸೆಂಟಿಮೀಟರ್ ಆದಾಗ ಕತ್ತರಿಸಿ ಅದೇ ದ್ರಾವಣದಲ್ಲಿ ಹಾಕಿಡಲು ಮೇಡಂಗೆ ಹೇಳಿ.

ಬಳ್ಳಾರಿ ಲ್ಯಾಬ್ ಅಕ್ಕ

ಆ ಮಸೂರ ನಮ್ಮ ಲ್ಯಾಬಲ್ಲಿದೆ. ಮಲೇರಿಯಾ ನೋಡುವುದೇ ಅದರಲ್ಲಿ. ಭಾನುವಾರ ಮಧ್ಯಾಹ್ನ ಬಿಡುವು ಇರುತ್ತದೆ. ಡಾಕ್ಟರನ್ನು ಕೇಳಿ ಒಪ್ಪಿಸಿದ್ದೇನೆ. ಮಗಳನ್ನು ಕರೆದುಕೊಂಡು ಬನ್ನಿ ಅಣ್ಣ, ಊಟ ನಮ್ಮ ಮನೆಯಲ್ಲಿ. ಬರುವಾಗ ಒಂದು ಹಿಡಿ ಹತ್ತಿಯನ್ನೂ ತನ್ನಿ. ಆ ತಿರುಚಿಕೊಂಡ ಎಳೆಯನ್ನು ಅಮ್ಮನಿಗೂ ತೋರಿಸಬೇಕು.